ಅಮ್ಮನ ಮದುವೆ ಗೌನಿನ ತೋಳು

ಮಾರ್ಚ್ ೭, ೨೦೧೧, ಸೋಮವಾರ

ಸೌತ್ ಬೆಂಡ್ ನಗರದ ಸಮಸ್ತ ಮಹಾಜನಗಳಿಗೆ ಈ ಮೂಲಕ ಸಾರುವುದೇನೆಂದರೆ — ನಮ್ಮ ಡ್ರೈಕ್ಲೀನಿಂಗ್ ಅಂಗಡಿಯ ಎರಡನೇ ಇಸ್ತ್ರಿ ಪ್ರೆಸ್ಸಿನ ಪೆಡಲ್ ಇಂದು ಬೆಳಗ್ಗೆ ಕಿರುಗುಟ್ಟುವುದನ್ನು ನಿಲ್ಲಿಸಿದೆ. ಎಣ್ಣೆ ಬಿಟ್ಟವಳು ನಾನೇ. ಮೆರವಣಿಗೆ ಬೇಡ.

ಒಂದು ರಾಶಿ ಶರಟು. ಪಾದ್ರಿಯವರ ನಿಲುವಂಗಿ, ಮೇಣದ ಕಲೆ.

ಮಧ್ಯಾಹ್ನ ಸರ್ಕಾರದ ಪತ್ರ. ಅಂಗಡಿಯ ಅಡಿಯ ಮಣ್ಣಿನಲ್ಲಿ ಪರ್ಕ್ — ನಾವು ಬಟ್ಟೆ ಒಗೆಯುವ ದ್ರಾವಕ. ಅದರ ಆವಿ ಪಕ್ಕದ ಮನೆಯ ವೆಲ್ಮಾ ಟಾಲಿವರಳ ನೆಲಮಾಳಿಗೆಗೆ ನುಗ್ಗುತ್ತಿದೆ. ನೆಲ ಶುದ್ಧ ಮಾಡಿಸಬೇಕಾದವಳು ನಾನು. ಅಂಗಡಿ ಮಾರಿ, ಮನೆ ಮಾರಿ, ಚಿನ್ನದ ಹಲ್ಲು ಕಿತ್ತು ಕೊಟ್ಟರೂ ಸಾಲದು.

ಮೆಷಿನ್ನಿನ ಗಸಿಯನ್ನು ಹಿತ್ತಲಿಗೆ ಸುರಿಯುವುದು ಅಪ್ಪನ ಕಾಲದ ಪದ್ಧತಿ. ಆವಿಯಾಗಿ ಹೋಗುತ್ತದೆಂದು ದ್ರಾವಕ ಮಾರುವವನೇ ಹೇಳಿದ್ದ. “ನನ್ನ ಹಿತ್ತಲಲ್ಲಿ ಒಂದೇ ಒಂದು ಕಳೆ ತೋರ್ಸು ನೋಡೋಣ!” ಎಂದು ಅಪ್ಪ ಬೀಗುತ್ತಿದ್ದರು. ಪಾಪ, ಕಳೆಗೆ ಮೊದಲೇ ಗೊತ್ತಾಗಿತ್ತು.

ಮಾರ್ಚ್ ೯

ವೆಲ್ಮಾ ಗಂಟುಮೂಟೆ ಕಟ್ಟಿದಳು. ಆ ಗಾಳಿಯಲ್ಲಿ ಮಲಗಬಾರದಂತೆ.

“ಏ ಮಾರ್ಜಿ, ನಿಮ್ಮಪ್ಪ ನನ್ನ ಕೋಟು ಒಗೆದ, ಸರಿ. ಮನೇನೂ ಒಗೀಬೇಕಿತ್ತೇನೇ?”

“ಎಲ್ಲಿಗೆ ಹೋಗ್ತೀಯೇ?”

“ಅಕ್ಕನ ಮನೆಗೆ. ಅವಳ ಗೊರಕೆ ತಡಿಯೋಕಾಗಲ್ಲ ಕಣೆ. ಅದಕ್ಕೂ ಒಂದು ಪತ್ರ ಹಾಕಲ್ವಂತಾ ಸರ್ಕಾರದೋರು?”

ನಕ್ಕಳು. ಬೀಗ ಹಾಕುವಾಗ ಮಾತ್ರ ಕೀಲಿಗೆ ತೂತು ಸಿಗಲೇ ಇಲ್ಲ. ನಾನೇ ಹಾಕಿಕೊಟ್ಟೆ.

ಮಾರ್ಚ್ ೨೨

ಸರ್ಕಾರದ ಪತ್ರ ಹಿಡಿದು ಹೋಗಿ ಕಂಡಿದ್ದ ವಕೀಲರು ಡುವೇನ್ ಪ್ರೂಯಿಟ್ ಎಂಬುವರನ್ನು ಕಳಿಸಿದರು. ಕಸುಬು — ಹಳೆಯ ವಿಮಾ ಪಾಲಿಸಿಗಳ ಉತ್ಖನನ. ಗುದ್ದಲಿ ತಂದಿರಲಿಲ್ಲ. ನಿರಾಸೆಯಾಯಿತು.

“ಮೇಡಂ, ಅರವತ್ತರ ದಶಕದ್ದು ಅಂಗಡಿಯಿಂದ ಬೇರೆಯವರಿಗಾದ ನಷ್ಟ ಭರಿಸೋ ಹೊಣೆಗಾರಿಕೆ ಪಾಲಿಸಿ ಏನಾದ್ರೂ ಇದೆಯಾ?”

“ಅವೆಲ್ಲ ಮುಗಿದು ಯಾವ ಕಾಲ ಆಯ್ತಲ್ರೀ! ಹಳಸಿದ ಹಾಲಿಗೆ ಗಿರಾಕಿ ಬಂದ ಹಾಗಾಯ್ತು.”

“ಅವಧಿ ಮುಗಿದಿದೆ, ಕೊಟ್ಟ ಮಾತು ಮುಗಿದಿಲ್ಲ. ಆ ವರ್ಷ ನೆಲಕ್ಕೆ ಹಾನಿ ಆಗಿದ್ರೆ, ಇವತ್ತು ಹೋಗಿ ಕೇಳಿದ್ರೂ ಆ ವರ್ಷದ ಪಾಲಿಸಿನೇ ಉತ್ತರ ಹೇಳ್ಬೇಕು. ಆಮೇಲಿನ ಪಾಲಿಸಿಗಳಲ್ಲಿ ಕಂಪನಿಯೋರು ಮಾಲಿನ್ಯಕ್ಕೆ ಬಾಗಿಲು ಹಾಕ್ಬಿಟ್ರು. ಅದಕ್ಕೇ ಹಳೇವೇ ಬೇಕು.”

ಹಳಸಿದ ಹಾಲಿನ ಗಿರಾಕಿಗೆ ಕುರ್ಚಿ ಎಳೆದು ಹಾಕಿದೆ.

“ನಿಮ್ಮಪ್ಪ ಹಳೇ ಕಾಗದ ಎಲ್ಲಿಡ್ತಿದ್ರು?”

“ಇಡ್ತಿರಲಿಲ್ಲ. ತುರುಕ್ತಿದ್ರು.”

ಟಿಶ್ಯೂ ಪೇಪರ್ ದುಬಾರಿ. ಕೋಟಿನ ತೋಳು ಮುದುಡದಂತೆ ಅಪ್ಪ ರದ್ದಿ ಕಾಗದ ತುಂಬುತ್ತಿದ್ದರು. ಅವಧಿ ಮುಗಿದ ಪಾಲಿಸಿ ಅವರಿಗೆ ರದ್ದಿಯೇ — ಅದೂ ದಪ್ಪ ಕಾಗದ, ಒಳ್ಳೇ ಬಿಗಿ!

ಡುವೇನ್ ಟೋಪಿ ತೆಗೆದು ತಲೆ ಹಿಡಿದುಕೊಂಡರು. “ಅಂದ್ರೆ ನಿಮ್ಮ ಪಾಲಿಸಿ ಯಾರದೋ ತೋಳಲ್ಲಿ ಸೇರ್ಕೊಂಡು ಊರು ಬಿಟ್ಟಿದೆ.”

ಮಾರ್ಚ್ ೨೩, ಬೆಳಗ್ಗೆ

ಹಲ್ಲುಜ್ಜುವಾಗ ಹೊಳೆಯಿತು. ಊರು ಬಿಡದ ಬಟ್ಟೆ ಒಂದಿದೆ. ಅಮ್ಮನ ಮದುವೆ ಗೌನು. ಅಪ್ಪನೇ ಒಗೆದು, ತುಂಬಿ, ಪೆಟ್ಟಿಗೆಗೆ ಸೀಲು ಹಾಕಿದ್ದು. “ಸೀಲು ಒಡೆದ್ರೆ ಲೇಸು ಹಳದಿ ಆಗತ್ತೆ” — ಬಂದ ಮದುಮಗಳಿಗೆಲ್ಲ ಇದೇ ಉಪದೇಶ. ಅಮ್ಮ ಹೋದ ಮೇಲೂ ಅದನ್ನು ತೆರೆದಿಲ್ಲ.

ಡುವೇನ್‌ಗೆ ಹೇಳಲಿಲ್ಲ. ಶರಟು ಬಹಳ ಇವೆ...

ಏಪ್ರಿಲ್ ೨

ಕೊನೆಗೆ ವೆಲ್ಮಾಳಿಗೆ ಹೇಳಿದೆ.

“ತೆರೀಬೇಡ ಕಣೇ. ನನ್ನ ಮನೆ ಏನು, ಇಟ್ಟಿಗೆ. ನಿಮ್ಮಮ್ಮನ ಗೌನು ಇನ್ನೊಂದು ಸಿಗತ್ತಾ?”

ಹಾಗೆಂದಳಲ್ಲ — ಅದಕ್ಕೇ ಡುವೇನ್‌ರನ್ನು ಕರೆಸಿ, ಕತ್ತರಿ ತಂದೆ.

ಎದೆಭಾಗದ ತುಂಬ ಅಚ್ಚ ಬಿಳಿ ಟಿಶ್ಯೂ. ಅಪ್ಪ ಅಲ್ಲಿ ಜಿಪುಣತನ ಮಾಡಿರಲಿಲ್ಲ. ತೋಳಿಗೆ ಬರುವಷ್ಟರಲ್ಲಿ ಅವರ ಪ್ರೇಮ ಖರ್ಚಾಗಿತ್ತು. ಎಡತೋಳಲ್ಲಿ ಹಳೆಯ ಚರ್ಚ್ ಪತ್ರಿಕೆ. ಬಲತೋಳಲ್ಲಿ ಸುರುಳಿ ಸುತ್ತಿದ ದಪ್ಪ ಕಾಗದ, ನೀಲಿ ಅಂಚು. ೧೯೬೬. ಅದರೊಳಗೆ ೧೯೬೭.

ಡುವೇನ್ ಹತ್ತಿಯ ಗ್ಲೌಸ್ ಹಾಕಿ, ಪಾದ್ರಿ ಪ್ರಸಾದ ಎತ್ತುವ ಹಾಗೆ ಎತ್ತಿದರು. ವೆಲ್ಮಾ ಶಿಲುಬೆ ಗುರುತು ಹಾಕಿಕೊಂಡಳು. ಅವಳು ಬ್ಯಾಪ್ಟಿಸ್ಟ್, ಅವರಲ್ಲಿ ಆ ಪದ್ಧತಿಯೇ ಇಲ್ಲ.

ಲೇಸು ತೋಳಿನ ಒಳಗಡೆ ಕಾಗದ ತಾಗಿದಲ್ಲೆಲ್ಲ ಚಹಾ ಬಣ್ಣ. ಅದು ಹೋಗುವುದಿಲ್ಲ. ಕಲೆ ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ — ನನಗೆ ಗೊತ್ತು.

ಏಪ್ರಿಲ್ ೨೫, ಡಿಂಗಸ್ ಹಬ್ಬ

ಈಸ್ಟರ್ ಮರುದಿನದ ಪೋಲಿಷ್ ಹಬ್ಬ; ಊರೆಲ್ಲ ಸಾಸೇಜು, ಬಿಯರು, ಪೋಲ್ಕಾ ಕುಣಿತ. ವಿಮಾ ಕಂಪನಿಯ ಉತ್ತರ: ‘ನಮ್ಮಲ್ಲಿ ಇದರ ದಾಖಲೆ ಇಲ್ಲ.’ ಡುವೇನ್ ಕುಣಿಯುತ್ತಲೇ ಹೇಳಿದರು: “ಅವರ ಹತ್ರ ಇಲ್ದಿದ್ರೇನಂತೆ! ನಮ್ಮ ಹತ್ರ ಇದೆಯಲ್ಲ!”

ಸೆಪ್ಟೆಂಬರ್ ೧೪

ವಿಮಾ ಕಂಪನಿಯವರು ಒಪ್ಪಿದರು.

ಪತ್ರವನ್ನು ಓದಿ, ಅಂಗಡಿಗೆ ಬೀಗ ಹಾಕಿ, ಬರಡು ಹಿತ್ತಲಲ್ಲಿ ಕುರ್ಚಿ ಹಾಕಿ ಕೂತೆ. ಮಾತು ಕೊಟ್ಟ ಏಜೆಂಟು ಸ್ಮಶಾನದಲ್ಲಿ. ಪಡೆದ ಅಪ್ಪನೂ ಅಲ್ಲೇ, ಎರಡು ಸಾಲು ಆಚೆ. ಕಂಪನಿಯನ್ನು ಇನ್ನೊಂದು ನುಂಗಿ, ಅದನ್ನು ಮತ್ತೊಂದು ನುಂಗಿ, ಹೆಸರೂ ಉಳಿದಿಲ್ಲ. ಮಾತು ಮಾತ್ರ ಕತ್ತಲ ತೋಳೊಳಗೆ ಬಿದ್ದುಕೊಂಡು ಕಾದಿತ್ತು. ಕರೆದ ಕೂಡಲೇ — ಸರಿ, ಸ್ವಲ್ಪ ಗೊಣಗಿ — ಎದ್ದು ಬಂತು.

ಇದಕ್ಕೊಂದು ತಮಾಷೆ ಮಾಡಬೇಕೆಂದಿದ್ದೆ. ಆಗುತ್ತಿಲ್ಲ.

ನವೆಂಬರ್ ೧೯, ಶನಿವಾರ

ಕೆಟ್ಟ ಮಣ್ಣು ಲಾರಿಯಲ್ಲಿ ಹೋಯಿತು. ವೆಲ್ಮಾಳ ನೆಲಮಾಳಿಗೆಯಲ್ಲಿ ಕೊಳವೆ, ಫ್ಯಾನು. ನೆಲದಡಿಯ ಆವಿಯನ್ನು ಹೀರಿ ಸೂರಿನಾಚೆ ಬಿಡುತ್ತದೆ. ಗಾಳಿ ಪರೀಕ್ಷೆ ಪಾಸು. ಇವತ್ತು ರಾತ್ರಿಯಿಂದ ಅವಳು ಅವಳ ಮಂಚದಲ್ಲೇ. ಈಗಾಗಲೇ ಕಿಟಕಿಯಿಂದ ನನ್ನ ಪರದೆಗಳನ್ನು ಬೈಯುತ್ತಿದ್ದಾಳೆ.

ಈ ಡೈರಿಯನ್ನು ಯಾರೂ ಓದಬಾರದು. ಆದರೆ ವೆಲ್ಮಾ, ನಮ್ಮನೆ ಕೀಲಿ ನಿನ್ನ ಹತ್ತಿರ ಇದೆ, ನೀನು ಓದೇ ಓದುತ್ತೀಯ. ಒಂದು ಉಪಕಾರ ಮಾಡು. ಕರೆಂಟು ಉಳಿಸುತ್ತೇನೆಂದೋ ಇಸ್ತ್ರಿ ಮಾಡುತ್ತೇನೆಂದೋ ಆ ಫ್ಯಾನಿನ ಪ್ಲಗ್ಗು ಮಾತ್ರ ಕೀಳಬೇಡ. ಇಸ್ತ್ರಿ ಪೆಟ್ಟಿಗೆಗೆ ಬೇರೆ ಸಾಕೆಟ್ ಇದೆ, ಮೆಟ್ಟಿಲ ಹತ್ತಿರ, ಎಡಗಡೆ —