ಜಾಳಾದ ಒಂದು ಗೇಣು

ಬೀಳಗಿ
೧೪ ಡಿಸೆಂಬರ್ ೨೦೧೧

ಅವ್ವಾ,

ನಿನ್ನ ನೇತ್ರಾಳ ನಮಸ್ಕಾರ. ಫೋನಿನಲ್ಲಿ ಹೇಳುವ ಮಾತಾಗಿದ್ದರೆ ಇಷ್ಟು ಹಾಳೆ ಹರಿಯುತ್ತಿರಲಿಲ್ಲ. ಇದು ನಾಲ್ಕನೆಯದು. ನೀನು ನಡುವೆ ಬೈದರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಕಾಗದ.

ಇಪ್ಪತ್ತೈದಕ್ಕೆ, ಭಾನುವಾರ, ಜಮಖಂಡಿಯಲ್ಲಿ ನನ್ನ ಚಿತ್ರಗಳ ಪ್ರದರ್ಶನವಿದೆ. ಹೋದ ಸಲ ಎಲ್ಲವನ್ನೂ ನೋಡಿ ನೀನು, "ಇದರಾಗ ಮನಿ ಇಲ್ಲ, ಮಂದಿ ಇಲ್ಲ, ಬರೇ ಗೆರಿ ಅದಾವು. ಇದಕ್ಕ ಸಾಲಿ ಕಲೀಬೇಕಾತೇನ?" ಅಂದಿದ್ದೆ. ನಿನ್ನ ಕೈಮಗ್ಗದ ಪಕ್ಕ ಆಡಿ ಬೆಳೆದವಳು ನಾನು. ಕಣ್ಣು ಬಿಟ್ಟಾಗಿನಿಂದ ಕಂಡದ್ದೇ ಗೆರೆ. ಧಾರವಾಡದ ಚಿತ್ರಕಲಾ ಶಾಲೆಯಲ್ಲಿ ಮನೆ, ಮರ, ಮುಖ ಎಲ್ಲ ಬರೆಯಲು ಕಲಿಸಿದರು. ಕೈ ಮಾತ್ರ ಎಳೆಗಳ ಕಡೆಗೇ ಹೋಗುತ್ತಿತ್ತು.

ಈ ಸಲ ಒಂದು ದೊಡ್ಡ ಅಚ್ಚುಚಿತ್ರವಿದೆ. ಕಪ್ಪು ನೀಲಿಯ ನಡುವೆ ಒಂದು ಗೇಣಗಲ ಬೆಳಕು. ನೋಡಿದವರೆಲ್ಲ ಇಲ್ಲಿಯ ಹಿನ್ನೀರು ಅನ್ನುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಅದು ಹಿನ್ನೀರಲ್ಲ ಅವ್ವಾ. ನಿನ್ನ ಟ್ರಂಕಿನಲ್ಲಿದ್ದ ನೀಲಿ ಸೀರೆ.

ನಾನು ಹುಟ್ಟಿದ ದಿನ ಬೇನೆ ತಿನ್ನುತ್ತಲೇ ನೀನು ನೇಯ್ದ ಸೀರೆ. ಒಂದು ಗೇಣಿನಷ್ಟು ಮಗ್ಗದ ಏಟು ಸಡಿಲಾಗಿ, ಎಳೆಗಳು ದೂರ ದೂರ ಕೂತು ಬಟ್ಟೆ ಜಾಳಾಯಿತು, ನೂಲು ಕೊಟ್ಟ ಸಾಹುಕಾರರು ಹಿಂದಕ್ಕೆ ಕಳಿಸಿದರು. ನೀನು ಅದನ್ನು ಉಡಲಿಲ್ಲ, ಯಾರಿಗೂ ಕೊಡಲಿಲ್ಲ.

ಮೂರು ವರ್ಷದ ಹಿಂದೆ ದೀಪಾವಳಿಗೆ ಬನಹಟ್ಟಿಗೆ ಬಂದಾಗ ನಾನು ಅದನ್ನು ಕೇಳದೆ ಒಯ್ದೆ. ತಗಡಿಗೆ ಮೆತ್ತನೆಯ ಮೇಣ ಬಳಿದು, ಸೀರೆಯ ಆ ಭಾಗವನ್ನು ಕತ್ತರಿಸಿ ಮೇಲೆ ಹಾಸಿ, ಯಂತ್ರದಲ್ಲಿ ಒತ್ತಿದೆ. ಎತ್ತಿ ನೋಡಿದರೆ ಎಳೆ ಎಳೆಯೂ ಮೇಣದಲ್ಲಿ ಕೂತಿತ್ತು. ಆಮ್ಲದಲ್ಲಿಟ್ಟಾಗ ಅವೆಲ್ಲ ತಗಡಿಗೆ ಇಳಿದವು. ಮಸಿ ಹಚ್ಚಿ ಕಾಗದಕ್ಕೆ ಒತ್ತಿದಾಗ, ನಿನ್ನ ಕೈ ಸೋತ ಜಾಗ ಬೆಳ್ಳಗೆ ಉಳಿಯಿತು. ನನಗೆ ಅಳು ಬಂತು. ತೊಳೆದು ತಂದಿಡೋಣ ಅಂದುಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ; ಬಟ್ಟೆ ಕೆಡುತ್ತದೆಂದು ಕತ್ತರಿ ಹಿಡಿದಾಗಲೇ ಗೊತ್ತಿತ್ತು.

ಟ್ರಂಕಿನಲ್ಲಿ ಸೀರೆ ಕಾಣದಾದಾಗ ನೀನು ಮಾತ್ರ, ಸೊಸೆ ವೈಶಾಲಿಯೇ ಅದನ್ನು ತವರಿಗೆ ಸಾಗಿಸಿದಳು ಅಂದುಬಿಟ್ಟೆ. ಅಂದಿನಿಂದ ನೀನು ಅವಳನ್ನು ಮಾತಾಡಿಸಿಲ್ಲ, ಅವಳ ಕೈಯ ಚಹಾ ಮುಟ್ಟಿಲ್ಲ. ನಾನು ಹಬ್ಬ ಹಬ್ಬಕ್ಕೆ ಬಂದು, ನಿಮ್ಮಿಬ್ಬರ ನಡುವೆ ಕೂತು, ಅವಳು ಬಡಿಸಿದ ಹೋಳಿಗೆ ತಿಂದು ಬಸ್ಸು ಹತ್ತಿದೆ. ಬರೆಯಲೂ ನಾಚಿಕೆಯಾಗುತ್ತದೆ.

ಭಾನುವಾರ ಅವಳನ್ನೂ ಕರೆದುಕೊಂಡು ಬಾ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬನ್ನಿ. ಚಿತ್ರದ ಮುಂದೆ ನಿಂತು ನನಗೆ ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಅದಕ್ಕೂ ಮೊದಲು ಅವಳನ್ನು ಮಾತಾಡಿಸು.

ನಿನ್ನ ಸೀರೆ ಕದ್ದ ಮಗಳು,
ನೇತ್ರಾ

ತಾ.ಕ.: ನಾನು ಸೀರೆಯನ್ನು ಚೀಲಕ್ಕೆ ಹಾಕುವಾಗ ವೈಶಾಲಿ ಬಾಗಿಲಲ್ಲಿ ನಿಂತು ನೋಡಿದ್ದಳು. ಮೂರು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಹೋದ ತಿಂಗಳು ಕೇಳಿದೆ. "ಅತ್ತಿ ನಿಮಗ ಬೈದ್ರ ನೀವು ಬರೂದು ಬಿಡ್ತೀರಿ ಅಕ್ಕಾರ. ಅವರು ದಾರಿ ನೋಡ್ಕೋತ ಕೂಡ್ತಾರ. ನಾ ಎಲ್ಲಿ ಹೋಗ್ತೇನಿ, ಮನ್ಯಾಗ ಇರ್ತೇನಲ್ಲ" ಅಂದಳು.