ಕುಂಕುಮವಿಟ್ಟು ಕಡಿದ ಮರ

ವೆರಿಬೀ, ೧೬ ಡಿಸೆಂಬರ್ ೨೦೦೬

ಚಿ. ಸಂಪತ್‌ಗೆ ಅಕ್ಕನ ಆಶೀರ್ವಾದ.

‘ಆ ಕ್ರಿಸ್ಮಸ್ ಟ್ರೀ ಆಚೆ ಹಾಕೋವರೆಗೂ ನಿನ್ ಮನೇಗೆ ಕಾಲಿಡಲ್ಲ ಅಕ್ಕಾ’ ಎಂದು ಸಿಡ್ನಿಯಿಂದ ಫೋನಿನಲ್ಲಿ ಕೂಗಿದೆಯಲ್ಲ, ಕೇಳು. ಮೊಮ್ಮಗಳು ಆಸೆಪಟ್ಟಳೆಂದು ಪರವಾನಗಿ ಪಡೆದು ಸರ್ಕಾರಿ ಕಾಡಿನಲ್ಲಿ ನಾನೇ ಕಡಿದ ಮರ ಅದು. ಗರಗಸ ಇಡುವ ಮೊದಲು ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿ ಕ್ಷಮೆ ಕೇಳಿದೆ. ಫಾರೆಸ್ಟ್ ಗಾರ್ಡ್ ಟೋಪಿ ತೆಗೆದು ಕಾದು ನಿಂತ.

ಮೈಸೂರಿನಲ್ಲಿ ಪ್ರತಿ ಯುಗಾದಿಗೂ ಪಾರ್ಕಿನ ಗೋಡೆ ಹಾರಿ ಮಾವಿನ ಸೊಪ್ಪು ಕದ್ದು ತರುತ್ತಿದ್ದವನು ನೀನು. ಯಾರನ್ನು ಕೇಳಿದ್ದೆ?

ಮರ ಹಜಾರದಲ್ಲೇ ಇರುತ್ತದೆ. ನಿನ್ನ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿರುವ ಅಮ್ಮನ ದಸರಾ ಗೊಂಬೆಗಳಲ್ಲಿ ಹಗುರವಾದವನ್ನು ಪೋಸ್ಟ್ ಮಾಡು, ಕೊಂಬೆಗಳಿಗೆ ಕಟ್ಟುತ್ತೇನೆ. ಬುಡದಲ್ಲಿ ಕೂರಿಸಬೇಕಾದ ಪಟ್ಟದ ಗೊಂಬೆಗಳು ಭಾರ. ಅವನ್ನು ನೀನೇ ಹೊತ್ತು ತರಬೇಕು.

ನಿನ್ನ ಅಕ್ಕ,
ಚಂದ್ರಪ್ರಭಾ