ನವಿಲಿನ ಡಬ್ಬಿ

ಬೆಟಗೇರಿ,
ಶುಕ್ರವಾರ, ಸಂಜೆ

ಚಿ. ಸೌ. ನಾಗರತ್ನಾಳಿಗೆ,

ಸಿಟ್ಟು ಹೊತ್ತು ಮುಂಡರಗಿಗೆ ಹೋದ ಹೆಂಡತಿಗೆ, ಸೌಟು ಹೊತ್ತು ಬೆಟಗೇರಿಯಲ್ಲಿ ಉಳಿದ ಸಿದ್ದಾರೂಢನ ಆಶೀರ್ವಾದಗಳು. ಆಶೀರ್ವಾದ ಬೇಡವೆನಿಸಿದರೆ ನಮಸ್ಕಾರ ಎಂದು ಓದಿಕೋ, ನನ್ನದೇನೂ ತಕರಾರಿಲ್ಲ.

ಕಿಸೆಯಲ್ಲಿ ಫೋನಿಟ್ಟುಕೊಂಡು ಈ ಮನುಷ್ಯ ಯಾಕೆ ಕಾಗದ ಬರೆಯುತ್ತಾನೆ ಎಂದು ನಿನಗೆ ಅನಿಸಬಹುದು. ಒಂದು, ನೀನು ಫೋನು ಎತ್ತುವುದಿಲ್ಲ. ಎತ್ತಿದರೂ, ಅತ್ತೆಯವರಿಗೆ ಕಿವಿ ಮಂದವೆಂದು ನಿಮ್ಮ ಮನೆಯಲ್ಲಿ ಫೋನು ಸದಾ ಸ್ಪೀಕರಿನ ಮೇಲೇ ಇರುತ್ತದೆ. ನಾನು ‘ಊಟ ಆತೇನು?’ ಎಂದರೆ ಪಕ್ಕದ ಮನೆಯವರು ‘ಆತ್ರಿ’ ಅನ್ನುತ್ತಾರೆ. ಈಗ ಹೇಳಬೇಕಾದದ್ದು ಸ್ಪೀಕರಿಗೆ ಹೇಳುವಂಥದ್ದಲ್ಲ. ಅದಕ್ಕೇ ಪಾನ್ ಅಂಗಡಿಯ ಖಾಸಿಂಸಾಬನ ಮಗ ಮುರ್ತುಜಾನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನ ಟಂಟಂ ನಾಳೆ ಮುಂಡರಗಿಗೆ ಹೊರಟಿದೆ. ಆ ಗಾಡಿಯ ಬೆನ್ನಿಗೆ ನಾನೇ ಬರೆದ ಸಾಲಿದೆ, ಗುರುತು ಹಿಡಿಯುತ್ತೀ: ‘ಹಾರ್ನ್ ಹೊಡದ್ರ ಸಾಕು, ಹೊಟ್ಟಿ ಉರಿ ಯಾಕ ಬೇಕು?’ ನಾನು ಬಿ.ಎ. ಮಾಡಿದ್ದಕ್ಕೆ ನಾಡಿನ ವಾಹನಗಳಿಗಾದರೂ ಉಪಯೋಗವಾಯಿತು.

ನನ್ನ ಕ್ಷೇಮಸಮಾಚಾರ ಇಷ್ಟು. ಬೋರ್ಡು ಬರೆಯುವ ಕೆಲಸ ನಡೆದಿದೆ. ಅನ್ನ ಆಗುತ್ತದೆ, ಸಾರೂ ಆಗುತ್ತದೆ, ಒಗ್ಗರಣೆ ಮಾತ್ರ ಆಗುವುದಿಲ್ಲ. ಸಾಸಿವೆ ಎಲ್ಲಿಟ್ಟಿದ್ದೀ, ಮಾರಾಯ್ತಿ? ಒಂದು ಸಾಲು ಬರೆದು ತಿಳಿಸು. ಇನ್ನು, ನೀನಿಲ್ಲದ್ದಕ್ಕೆ ಮುಂಜಾನೆ ಬಚ್ಚಲ ಬಾಗಿಲು ಬಡಿಯುವ ಕೆಲಸ ತಪ್ಪಿದೆ. ನೀನು ಹಲ್ಲು ತಿಕ್ಕಿ ಹೊರಬರುವಷ್ಟರಲ್ಲಿ ನಾನೊಂದು ಬೋರ್ಡು ಬರೆದು ಮುಗಿಸುತ್ತಿದ್ದೆನಲ್ಲ, ಈಗ ಆ ಬೋರ್ಡೂ ಹಿಂದೆ ಬಿದ್ದಿದೆ.

ನೀನು ಹೊರಟ ದಿನದ ಮಾತನ್ನೇ ಎತ್ತುತ್ತೇನೆ, ಕಾಗದ ಮಡಚಿ ಇಡಬೇಡ. ಕಾಲೇಜಿನ ಪ್ರಾಚಾರ್ಯರು ನಮ್ಮಿಬ್ಬರನ್ನೂ ಕರೆಸಿ, ನಮ್ಮ ಸುಶ್ಮಿತಾಳ ಚೀಲದಲ್ಲಿ ಸಿಕ್ಕಿತೆಂದು ಒಂದು ಸಣ್ಣ ಹಸಿರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲೆ ನವಿಲು. ಒಳಗೆ ತಪಕೀರು, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ. ಪಿಯುಸಿ ಮೊದಲ ವರ್ಷದ ಹುಡುಗಿ ಪಾಠದ ನಡುವೆ ಅದನ್ನು ಬೆರಳಿಗೆ ಹಚ್ಚಿಕೊಂಡು ವಸಡಿಗೆ ಒತ್ತಿಕೊಳ್ಳುತ್ತಿದ್ದಳಂತೆ. ನಾನು ಕನ್ನಡಕ ಏರಿಸಿ ನೋಡುವುದರೊಳಗೆ ನೀನು ಡಬ್ಬಿ ಎತ್ತಿ ನಿನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಮನೆಗೆ ಬಂದವಳೇ ಗುಡುಗಿದೆ: “ಆ ಖಾಸಿಂಸಾಬನ ಪಾನ್ ಅಂಗಡಿ, ಆ ಮಗ್ಗದ ಹುಡುಗೂರು ಕುಂಡ್ರೂ ಕಟ್ಟಿ, ಈ ಓಣೀನ ನನ್ನ ಮಗಳನ್ನ ಕೆಡಿಸ್ತು. ಸೋಮವಾರ ಬರತೇನಿ, ಟಿ.ಸಿ. ಅರ್ಜಿಗೆ ಸಹಿ ಮಾಡ್ರಿ. ಆಕಿ ಮುಂಡರಗ್ಯಾಗ ಓದ್ತಾಳ. ನೀವು ಚೊಲೊ ಏರಿಯಾದಾಗ ಮನಿ ಹಿಡೀರಿ, ಆಮ್ಯಾಲೆ ನಾ ಬರೂ ಮಾತು!” ಮಗಳ ಕೈ ಹಿಡಿದು ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ತವರಿಗೆ ಹೋಗುವ ಸಿಟ್ಟಿಗೆ ಖರ್ಚೇ ಇಲ್ಲದಂತಾಗಿದೆ.

ನೀನು ಹೇಳಿದಂತೆ ಮನೆ ನೋಡಲು ಹೋದೆ. ಗದಗಿನ ಆಚೆ, ಹೊಸ ಬಡಾವಣೆ. ಮಾಲಕರು ಅಂದಪ್ಪನವರೆಂದು ನಿವೃತ್ತ ಅಧಿಕಾರಿ. ಕಂಪೌಂಡು, ಗೇಟು, ಗೇಟಿನ ಮೇಲೆ ನಾಯಿ ಇದೆ ಎಂಬ ಬೋರ್ಡು. ಅಕ್ಷರ ಅಷ್ಟು ಚೆನ್ನಾಗಿಲ್ಲ, ನಾಯಿಯೂ ಇಲ್ಲ.

“ಇಲ್ಲೆ ಶಾಂತಿ ಐತ್ರಿ. ಯಾರ ತಂಟೇಕ ಯಾರೂ ಬರಂಗಿಲ್ಲ,” ಎಂದರು.

“ಬಾಜೂ ಮನ್ಯಾಗ ಯಾರದಾರ್ರಿ?”

“ಗೊತ್ತಿಲ್ರಿ. ಅವರು ಬಂದು ನಾಕ್ ವರ್ಷ ಆತು. ಒಮ್ಮೆ ಭೆಟ್ಟಿ ಆಗಬೇಕಂತ ಮಾಡೇನಿ.”

ಹಿಂದೊಂದು ಖಾಲಿ ಸೈಟು. ಕಸದ ಗಿಡಗಳ ನಡುವೆ ಕೆಮ್ಮಿನ ಔಷಧಿಯ ಖಾಲಿ ಬಾಟಲಿಗಳ ರಾಶಿ, ಪಂಕ್ಚರ್ ಹಚ್ಚುವ ಅಂಟಿನ ಹಿಂಡಿದ ಟ್ಯೂಬುಗಳು, ಜೊತೆಗೆ ಹುಡುಗರ ಒಂದು ಕ್ರಿಕೆಟ್ ಟೊಪ್ಪಿಗೆ. ಏನಿದು ಎಂದು ಕೇಳಿದೆ. ಅಂದಪ್ಪನವರು ಗೋಡೆಯ ಮೇಲಿಂದ ಬಗ್ಗಿ ನೋಡಿ, “ಯಾರಿಗೋ ಭಾಳ ಕೆಮ್ಮ ಇರಬೇಕ್ರಿ,” ಎಂದರು. ಕೆಮ್ಮಿಗೆ ಯಾರೂ ಪಂಕ್ಚರ್ ಅಂಟು ಮೂಸುವುದಿಲ್ಲ; ನಾನು ಅವರ ಚಹಾ ಕುಡಿದು ಎದ್ದು ಬಂದೆ. ಬರುತ್ತಾ ಒಂದು ಬೋರ್ಡು ಹೊಳೆಯಿತು: ‘ಎತ್ತರ ಗೋಡಿ, ಗಟ್ಟಿ ಗೇಟು, ಒಳಗ ಏನೈತಿ ಯಾರಿಗ ಗೊತ್ತು?’ ಯಾರೂ ಬರೆಸುವುದಿಲ್ಲ ಬಿಡು.

ಮರುದಿನ ಮುಂಜಾನೆ, ನಿನ್ನ ಪರವಾಗಿ ಜಗಳ ಮಾಡಲು ಖಾಸಿಂಸಾಬನ ಅಂಗಡಿಗೆ ಹೋದೆ. ಎದುರಿನ ಗೋಡೆಯ ಮೇಲೆ ನಾನೇ ಬರೆದ ‘ಗುಟಕಾ ತಿಂದು ಗೋಡೆಗೆ ಉಗಳಬ್ಯಾಡ, ಗೋಡೆ ತಿರುಗಿ ಉಗಳಿದ್ರ ಅಳಬ್ಯಾಡ’ ಈಗ ಅರ್ಧ ಕೆಂಪಾಗಿದೆ. ಮಗ್ಗದ ಹುಡುಗರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಅಲ್ಲೇ ಉಗುಳುತ್ತಾರೆ. ನಮ್ಮ ಓಣಿ ಮಠವೇನೂ ಅಲ್ಲ, ಅದನ್ನು ನಾನು ಒಪ್ಪುತ್ತೇನೆ.

ಕಾಲೇಜಿನಲ್ಲಿ ಒಂದು ಕ್ಷಣ ಕಂಡ ಡಬ್ಬಿಯನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿದ್ದೆ, ನವಿಲಿನ ಸಮೇತ. ಅದನ್ನು ಅಂಗಡಿಯ ಹಲಗೆಯ ಮೇಲಿಟ್ಟು ದನಿ ಏರಿಸಿದೆ.

ಖಾಸಿಂಸಾಬ ಸುಣ್ಣದ ಕೈ ಒರೆಸಿಕೊಂಡ. “ಸಿದ್ದಣ್ಣಾ, ನಾ ಗುಟಕಾ ಮಾರತೇನಿ, ಸುಳ್ಳ ಹೇಳಂಗಿಲ್ಲ. ಆದ್ರ ನಿಮ್ಮ ಮಗಳು ಇಲ್ಲಿ ಬಂದ್ರ ಶೇಂಗಾ ಚಿಕ್ಕಿ ಒಯ್ತಾಳ. ಬ್ಯಾರೆ ಏನರ ಒಯ್ದಿದ್ರ ಆಕಿ ಮನಿ ಮುಟ್ಟೂದ್ರಾಗ ಕಸ್ತೂರೆವ್ವ ನಿಮಗ ಮುಟ್ಟಸ್ತಿದ್ಲು.”

ಎದುರು ಮನೆಯ ಕಸ್ತೂರೆವ್ವ ಆಗಲೇ ಬಂದು ನಿಂತಿದ್ದಳು. ಜಗಳವೆಂದರೆ ಅವಳಿಗೆ ಮೊಣಕಾಲು ನೋವು ನೆನಪಾಗುವುದಿಲ್ಲ. ಹಾಳೆಯನ್ನು ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು, ಕಡೆಗೆ ಬೊಚ್ಚುಬಾಯಿ ತುಂಬ ನಕ್ಕಳು.

“ಇದು ಅಂಗಡಿ ಹಾದಿ ಹಿಡದ ಬಂದದ್ದಲ್ಲೋ ತಮ್ಮಾ. ಇದು ಹೆಣ್ಣಮಕ್ಕಳ ಪುಡಿ, ತವರಿನ ಹಾದಿ ಹಿಡದ ಬರತೈತಿ. ಅವ್ವನ ಬೆರಳಿಂದ ಮಗಳ ಬೆರಳಿಗೆ. ನನ್ನ ಹಲ್ಲೆಲ್ಲಾ ಎಲ್ಲಿ ಹೋದುವು ಅಂತ ತಿಳದೀ?”

ಖಾಸಿಂಸಾಬ ನನಗೊಂದು ಪಾನು ಕಟ್ಟಿದ. ಜಗಳ ಅಲ್ಲಿಗೇ ಮುಗಿಯಿತು, ಯಾಕೆಂದರೆ ಆಗಲೇ ನನಗೊಂದು ಮನೆಯ ಗೂಡು ಕಣ್ಣ ಮುಂದೆ ಬಂದಿತ್ತು. ಯಾರ ಮನೆ ಎಂದು ನಾನು ಹೇಳುವುದಿಲ್ಲ. ಆ ಮನೆಯ ಬಾಗಿಲಿಗೆ ನೀಲಿ ಬಣ್ಣ, ಬಳಿದವನು ಆ ಮನೆಯ ಅಳಿಯ. ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಕಟ್ಟೆ, ಕಟ್ಟೆಯ ಮೇಲಿನ ಗೂಡಿನಲ್ಲಿ ಕುಂಕುಮದ ಭರಣಿಯ ಜೊತೆಗೆ ಒಂದು ಹಸಿರು ಡಬ್ಬಿ. ಮುಂಜಾನೆ ಓಣಿಯ ಹೆಂಗಸರೆಲ್ಲ ಅಲ್ಲಿ ಸಾಲಾಗಿ ಕೂತು, ಬಾಯಲ್ಲಿ ಬೆರಳಿಟ್ಟುಕೊಂಡೇ ಊರಿನ ಸುದ್ದಿಯೆಲ್ಲ ಆಡಿಕೊಳ್ಳುತ್ತಾರೆ. ಬೆರಳಿದ್ದರೂ ಮಾತು ಹೇಗೆ ಅಷ್ಟು ಸ್ಪಷ್ಟ ಬರುತ್ತದೆ ಎಂದು ಆ ಮನೆಯ ಅಳಿಯನಿಗೆ ಮದುವೆಯಾದಾಗಿನಿಂದ ಆಶ್ಚರ್ಯ.

ಇಷ್ಟಕ್ಕೇ ನಾನು ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ. ಆದರೆ ಬುಧವಾರ ಸುಶ್ಮಿತಾ ಫೋನು ಮಾಡಿದಳು. ನಿನ್ನ ಫೋನಿನಿಂದಲ್ಲ, ಪಕ್ಕದ ಮನೆಯ ಶೀತಲ್‌ಳ ಫೋನಿನಿಂದ. ಮಗಳಿಗೆ ಬೈಯಬೇಡ, ನಿನಗೆ ಹೇಳಬಾರದೆಂದು ಆಣೆ ಹಾಕಿಸಿದ್ದಾಳೆ. ಆಣೆ ಮುರಿದವನು ನಾನು, ಬೈಗಳನ್ನು ನನ್ನ ಹೆಸರಿಗೇ ಕಳಿಸು.

ಹತ್ತನೆಯ ತರಗತಿ ಪರೀಕ್ಷೆ ಮುಗಿದ ಸೂಟಿಯಲ್ಲಿ ಅಲ್ಲಿಗೆ ಬಂದಿದ್ದಾಗ ಅವಳಿಗೆ ದವಡೆ ಹಲ್ಲು ನೋಯುತ್ತಿತ್ತಂತೆ. ಅಜ್ಜಿ ಅಕ್ಕರೆಯಿಂದ ಒಂದು ಚಿಟಿಕೆ ಹಚ್ಚಿದರಂತೆ. ನೋವು ಹೋಯಿತು, ಚಿಟಿಕೆ ಉಳಿಯಿತು. ಮುಂದಿನದನ್ನು ಅವಳ ಮಾತಿನಲ್ಲೇ ಕೇಳು:

“ಅಪ್ಪಾ, ಅಜ್ಜಿ ಡಬ್ಬಿ ತಗದ್ಲಂದ್ರ ಎಲ್ಲಾರೂ ಕಟ್ಟಿಗೆ ಬರತಾರ. ನಾ ಬೆರಳ ಬಾಯಾಗ ಇಟ್ಕೊಂಡ ಕುಂತ್ರ ನನ್ನೂ ದೊಡ್ಡಾಕಿ ಅಂತ ಮಾತಾಡಸ್ತಾರ. ಒಲ್ಲೆ ಅಂದ್ರ ‘ಹೋಗ ಸಣ್ಣಾಕಿ, ಓದ್ಕೊ ಹೋಗು’ ಅಂತಾರ. ಬಿಡಬೇಕಂತ ಮಾಡೇನಿ. ಬಿಟ್ರ ತಲಿ ಧಿಮ್ ಅಂತೈತಿ, ಸಿಟ್ಟ ಬರತೈತಿ. ಇಲ್ಲಿದ್ರ ಬಿಡಾಕ ಆಗೂದಿಲ್ಲ. ಕೈಗೆ ಎಟಕೂವಂಗ ಗೂಡಿನ್ಯಾಗ ಇರತೈತಿ. ನನ್ನ ಮನಿಗೆ ಕರಕೊಂಡ ಹೋಗ್ರಿ.”

ಮನೆ ಎಂದರೆ ಅವಳಿಗೆ ಈ ಓಣಿ. ನೀನು ಮಗಳನ್ನು ಯಾವುದರಿಂದ ದೂರ ಒಯ್ದೆ ಎಂದುಕೊಂಡೆಯೋ, ಅದರ ಮಡಿಲಲ್ಲೇ ಕೂರಿಸಿದ್ದೀ, ನಾಗರತ್ನಾ. ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರಲಿಲ್ಲ. ಅತ್ತೆಯವರೂ ವಿಷವೆಂದು ತಿಳಿದು ಕೊಟ್ಟವರಲ್ಲ. ಹೋಳಿಗೆಗೆ ತುಪ್ಪ ಹಾಕುವ ಕೈಯೇ ಅದು.

“ನಿಮ್ಮವ್ವಗ ಗೊತ್ತೈತೇನು?” ಎಂದು ಕೇಳಿದೆ. ಸುಶ್ಮಿತಾ “ರೇಂಜ್ ಹೋತಪ್ಪಾ,” ಎಂದಳು. ರೇಂಜ್ ಹೋದ ಫೋನಿನಲ್ಲಿ ನಿಮ್ಮ ಓಣಿಯ ಕೋಳಿ ಕೂಗಿದ್ದು ನನಗೆ ಸ್ವಚ್ಛ ಕೇಳಿಸಿತು.

ನಿನ್ನೆ ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ತಂಬಾಕು ಬಿಡಿಸುವ ಒಂದು ಕೋಣೆ ಇದೆ, ಕಾವೇರಿ ಎಂಬ ಹುಡುಗಿ ಸಮಾಲೋಚಕಿ. ನಮ್ಮ ಸುಶ್ಮಿತಾಳಿಗಿಂತ ಬಹಳ ದೊಡ್ಡವಳೇನಲ್ಲ, ಯಾರನ್ನೂ ಗದರುವುದಿಲ್ಲ. ನಾನು ಓಣಿಯ ಕಥೆ, ಹೊಸ ಬಡಾವಣೆಯ ಕಥೆ, ನೀಲಿ ಬಾಗಿಲಿನ ಕಥೆ ಎಲ್ಲ ಹೇಳಿದೆ. ಪೆನ್ನು ಕೆಳಗಿಟ್ಟು, “ಮನಿ ಬದಲ ಮಾಡಬ್ಯಾಡ್ರಿ ಸರ್, ಗೂಡು ಖಾಲಿ ಮಾಡ್ರಿ,” ಎಂದಳು. ಹುಡುಗಿ ಒಬ್ಬಳನ್ನೇ ಬಿಡಿಸಲು ಹೋದರೆ ಅವಳು ಕದ್ದು ತಿಕ್ಕುತ್ತಾಳಂತೆ. ಅವಳ ಜೊತೆಗೆ ತಿಕ್ಕುವವರೆಲ್ಲ ಒಟ್ಟಿಗೆ ಬಿಟ್ಟರೆ, ಬೇಗ ಬಿಡುತ್ತಾಳಂತೆ. ತಲೆ ಧಿಮ್ ಎನ್ನುವುದು ಕೆಲವು ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ನನ್ನನ್ನೂ ಬಿಡಲಿಲ್ಲ. ಖಾಸಿಂಸಾಬನ ಪಾನಿನಲ್ಲಿ ಏನೇನಿರುತ್ತದೆ ಎಂದು ಕೇಳಿದಳು. ಬರೀ ಗುಲ್ಕಂದ ಎಂದೆ. ಅವಳು ಬರೆದುಕೊಳ್ಳಲಿಲ್ಲ, ಸುಮ್ಮನೆ ನನ್ನ ಹಲ್ಲು ನೋಡಿದಳು. ಹೊರಗೆ ಬಂದು ನಾನೂ ಬಡೇಸೋಪಿನ ಪೊಟ್ಟಣ ಕೊಂಡೆ.

ಓಣಿಯಲ್ಲಿ ಆಗಲೇ ಸಿದ್ಧತೆ ನಡೆದಿದೆ. ಏನು, ಯಾಕೆ ಎಂದು ನಾನು ಯಾರಿಗೂ ಹೇಳಿಲ್ಲ, ಅದಕ್ಕೇ ಎಲ್ಲರಿಗೂ ಗೊತ್ತಾಗಿದೆ. ಮುಂಜಾನೆ ಚಹಾ ಹೊತ್ತಿಗೆ ತನ್ನ ಮನೆಯ ಕಟ್ಟೆಗೆ ಸುಶ್ಮಿತಾ ಬಂದು ಕೂಡಬೇಕು, ಸುದ್ದಿ ತಾನು ಹೇಳುತ್ತೇನೆ ಎಂದಿದ್ದಾಳೆ ಕಸ್ತೂರೆವ್ವ. “ಬೆರಳ ಬಾಯಾಗ ಇಡಲಿಲ್ಲಂದ್ರೂ ದೊಡ್ಡಾಕಿ ಅಂತೇನಿ, ಆತಿಲ್ಲೊ?” ಅಂತ ಕೇಳಿದಳು. ಅವಳ ಹತ್ತಿರವಿರುವ ಸುದ್ದಿಯ ಸಂಗ್ರಹಕ್ಕೆ ಮುಂಡರಗಿಯ ಇಡೀ ಕಟ್ಟೆ ಸಾಟಿಯಾಗಲಾರದು. ಖಾಸಿಂಸಾಬ ಒಂದು ಪೊಟ್ಟಣ ಲವಂಗ ಕಳಿಸಿದ್ದಾನೆ, ಇದರ ಜೊತೆಗಿದೆ. “ಅಕ್ಕಾವ್ರಿಗೆ ಹೇಳ್ರಿ, ನನ್ನ ಅಂಗಡೀನ ಬೈಯ್ದದ್ದು ಬೈಯ್ದ್ರು, ಗುಟಕಾ ಚೀಟಿ ಮಾಲಿ ಹುಡುಗೂರ ಕಣ್ಣಿಗೆ ಬೀಳಲಾರದಂಗ ಹಿಂದ ಕಟ್ಟೇನಿ,” ಎಂದಿದ್ದಾನೆ. ನೀನು ಬೈದು ಹೋದದ್ದಕ್ಕೆ ಇಲ್ಲಿ ಒಂದಿಷ್ಟು ಗುಣ ಬಂದಿದೆ ನೋಡು.

ಹೀಗಾಗಿ ಸೋಮವಾರ ನಾನು ಟಿ.ಸಿ. ಅರ್ಜಿಗೆ ಸಹಿ ಮಾಡುವುದಿಲ್ಲ. ಮದುವೆಯಾದ ಮೇಲೆ ನಿನಗೆ ಒಲ್ಲೆ ಎಂದದ್ದು ಇದೇ ಮೊದಲು, ಅಕ್ಷರ ಸ್ವಲ್ಪ ಸೊಟ್ಟಗಾಗಿದೆ, ಕ್ಷಮಿಸು. ಪ್ರಾಚಾರ್ಯರಿಗೆ ಹೇಳಿದ್ದೇನೆ, ಕಾವೇರಿಯ ಹತ್ತಿರ ಹೋಗುತ್ತಾಳೆಂದರೆ ಕಾಲೇಜಿನಿಂದ ತಕರಾರಿಲ್ಲವಂತೆ. ನೀನು ಭಾನುವಾರವೇ ಹೊರಡು. ಸುಶ್ಮಿತಾಳನ್ನು ಕರೆದುಕೊಂಡು ಬಾ, ಅತ್ತೆಯವರನ್ನೂ ಕರೆದುಕೊಂಡು ಬಾ. ಅವರಿಗೆ ಪುಡಿಯ ಮಾತು ಎತ್ತಬೇಡ. ಅಳಿಯ ಹಲ್ಲು ತೋರಿಸಿ ಹೊಸ ಸೆಟ್ಟು ಹಾಕಿಸುತ್ತಾನಂತೆ ಎಂದು ಹೇಳು. ಮುಂದಿನದನ್ನು ಕಸ್ತೂರೆವ್ವ ತನ್ನ ಬೊಚ್ಚುಬಾಯಿ ತೆರೆದು ತೋರಿಸಿ ನೋಡಿಕೊಳ್ಳುತ್ತಾಳೆ.

ಟಿ.ಸಿ. ಬಿಡು, ಸಿಟ್ಟು ಸುಡು,
ನಾಲ್ಕರ ಬಸ್ಸಿಗೆ ಕಾಲಿಡು.

ಗೋಡೆಗೆ ಬರೆಯುವ ಸಾಲಲ್ಲ, ನಿನಗೊಬ್ಬಳಿಗೇ ಬರೆದದ್ದು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ಇಂತು ನಿನ್ನ,
ಒಗ್ಗರಣೆಯಿಲ್ಲದ
ಸಿದ್ದಾರೂಢ

ತಾ.ಕ.: ಸಾಸಿವೆ ಎಲ್ಲಿದೆ ಎಂದು ಮೇಲೆ ಕೇಳಿದ್ದು ಸುಳ್ಳು. ಮಂಗಳವಾರವೇ ಸಿಕ್ಕಿತ್ತು, ಮೇಲಿನ ಹಲಗೆಯ ಮೂಲೆಯಲ್ಲಿ. ಅದರ ಹಿಂದೆ ಇನ್ನೊಂದು ಹಸಿರು ಡಬ್ಬಿಯೂ ಇತ್ತು, ಕಾಲೇಜಿನಲ್ಲಿ ಸಿಕ್ಕಿದ್ದಲ್ಲ, ಹಳೆಯದು, ನವಿಲಿನ ಮುಖ ಗೋಡೆಯ ಕಡೆಗೆ. ಸುಶ್ಮಿತಾಳ ಕೈ ಆ ಹಲಗೆಗೆ ಎಟಕುವುದಿಲ್ಲ, ನನ್ನದು ಎಟಕುತ್ತದೆಂದು ನಿನಗೆ ಈವರೆಗೆ ಅನಿಸಿರಲಿಕ್ಕಿಲ್ಲ. ಹೇಗಿತ್ತೋ ಹಾಗೇ ಇಟ್ಟಿದ್ದೇನೆ. ಕಸ್ತೂರೆವ್ವಗೂ ಹೇಳಿಲ್ಲ, ಕಾವೇರಿಗೂ ಹೇಳಿಲ್ಲ. ಆದರೆ ಆಸ್ಪತ್ರೆಯಲ್ಲಿ ಆ ಬಿಡಿಸುವ ಕೋಣೆಗೆ ಮೂರು ಚೀಟಿ ಮಾಡಿಸಿದ್ದೇನೆ. ಒಂದರ ಮೇಲೆ ಸುಶ್ಮಿತಾ, ಇನ್ನೊಂದರ ಮೇಲೆ ಸಾವಂತ್ರೆವ್ವ ಅತ್ತೆಯವರು. ಮೂರನೆಯದರ ಹೆಸರಿನ ಜಾಗ ಖಾಲಿ ಬಿಡಿಸಿದ್ದೇನೆ. ಊರವರ ಹೆಸರೆಲ್ಲ ಬರೆಯುವವನು ನಾನು, ಆದರೆ ಅದೊಂದನ್ನು ನೀನೇ ಬಂದು ಬರೆಯಬೇಕು.